ಅಂಗಡಿ ಬಾಗಿಲು, ಲೈಬ್ರರಿ ಬಾಗಿಲು

ತಂಗಿ, ನಿನ್ನ ಉದ್ದದ ಪತ್ರ ಎರಡು ಸಲ ಓದಿದೆ. ಶಿವಮೊಗ್ಗದಿಂದ ಇಂಗ್ಲೆಂಡಿನ ಲ್ಯಾಂಕಾಶೈರಿನ ಆಸ್ಪತ್ರೆಗೆ ನರ್ಸ್ ಆಗಿ ಬರುತ್ತಿದ್ದೀಯ, ಮಾರ್ಚ್ ಕೊನೆಗೆ, ಗಂಡನನ್ನೂ ಏಳು ವರ್ಷದ ಮಗಳನ್ನೂ ಕಟ್ಟಿಕೊಂಡು. ಸಂತೋಷ. ನೀನು ಕೇಳಿದ್ದು: ಭಾನುವಾರ ಸಂಜೆ ನಾಲ್ಕಕ್ಕೆಲ್ಲ ಅಂಗಡಿ ಮುಚ್ಚುತ್ತಾರಂತೆ ನಿಜವಾ, ಲೈಬ್ರರಿ ನಿಜವಾಗಲೂ ಪುಕ್ಕಟೆಯಾ, ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಾಡಳಿತದ ಮನೆತೆರಿಗೆ, ಅಂತ ಅಷ್ಟು ದುಡ್ಡು ಕಿತ್ತುಕೊಂಡು ಏನು ಕೊಡುತ್ತಾರೆ, ನಮ್ಮವರಿಗೆ ಅಂಗಡಿಯಲ್ಲಿ ಕೆಲಸ ಸಿಗುತ್ತಾ, ಕುಕ್ಕರ್ ತರಬೇಕಾ.

ಕುಕ್ಕರ್ ತಾ, ಇಂಡಕ್ಷನ್ ತಳದ್ದು. ಮಳೆ ವಿಷಯ ಮಲೆನಾಡಿನವಳಿಗೆ ಹೇಳುವುದೇನಿದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ದೀಪ ಹಚ್ಚಬೇಕಾಗುತ್ತಲ್ಲ, ಅದು ಸ್ವಲ್ಪ ಕಷ್ಟ. ನಿನ್ನ ಯಜಮಾನರಿಗೆ ಅಂಗಡಿ ಕೆಲಸ ಸಿಗುತ್ತೆ, ಮೊದಲು ಸಿಗೋದೇ ಅದು. ಭಾನುವಾರ ಕೆಲಸ ಆಗಲ್ಲ ಅಂತ ಮೂರು ತಿಂಗಳ ನೋಟಿಸ್ ಬರೆದುಕೊಡುವ ಹಕ್ಕು ಇಂಗ್ಲೆಂಡಿನ ಅಂಗಡಿ ನೌಕರರಿಗಿದೆ, ಭಾನುವಾರಕ್ಕೆ ಅಂತಲೇ ಸೇರಿಸಿಕೊಂಡಿದ್ದರೆ ಮಾತ್ರ ಇಲ್ಲ. ಇದನ್ನ ಯಾರೂ ತಾವಾಗಿ ಹೇಳೋದಿಲ್ಲ, ನೆನಪಿರಲಿ.

ಈಗ ಅಂಗಡಿ ಹೊತ್ತಿನ ವಿಷಯ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿ ಭಾನುವಾರ ಬೆಳಿಗ್ಗೆ 10ರಿಂದ ಸಂಜೆ 6ರ ಒಳಗೆ ಒಟ್ಟು ಆರು ಗಂಟೆ ಮಾತ್ರ ತೆಗೆದಿರಬಹುದು. 10ಕ್ಕೆ ತೆಗೆದವರು 4ಕ್ಕೆ ಮುಚ್ಚುತ್ತಾರೆ, 11ಕ್ಕೆ ತೆಗೆದವರು 5ಕ್ಕೆ. ಮೂಲೆಯ ಸಣ್ಣ ಅಂಗಡಿಗೆ ಈ ಕಟ್ಟು ಇಲ್ಲ. ಸ್ಕಾಟ್ಲೆಂಡಿನಲ್ಲಿ ದೊಡ್ಡವಕ್ಕೂ ಇಲ್ಲ. ಇದು 1994ರ ಕಾನೂನು, ಮತ್ತೆ ಇದನ್ನ ಇಲ್ಲಿನವರು ಸಡಿಲ ಅಂತ ಕರೆಯುತ್ತಾರೆ! ಯಾಕೆ ಅಂದರೆ ಅದಕ್ಕೆ ಮುಂಚೆ ಭಾನುವಾರ ಹೆಚ್ಚಿನ ಅಂಗಡಿಗಳು ತೆಗೆಯುವ ಹಾಗೇ ಇರಲಿಲ್ಲ.

ನಾನು ಬಂದಿದ್ದು 1992ರ ಜನವರಿಯಲ್ಲಿ, ಡಾಕ್ಟರ ಹೆಂಡತಿಯಾಗಿ, ಆಸ್ಪತ್ರೆ ಕ್ವಾರ್ಟರ್ಸಿಗೆ. ಮೊದಲನೇ ಬುಧವಾರ ಊಟ ಮುಗಿಸಿ ಹಾಲು, ಈರುಳ್ಳಿ ತರೋಣ ಅಂತ ಪೇಟೆಬೀದಿಗೆ ಇಳಿದರೆ ಒಂದೊಂದೂ ಶಟರ್ ಹಾಕಿದೆ. ಕಟುಕನ ಅಂಗಡಿ, ಚಪ್ಪಲಿ ಅಂಗಡಿ, ಗಡಿಯಾರ ರಿಪೇರಿಯವನು, ಎಲ್ಲ. ಜನ ಇಲ್ಲ. ನನಗೆ ಹೊಳೆದಿದ್ದು ಒಂದೇ: ಬಂದ್! ಕಾವೇರಿ ಗಲಾಟೆ ಬಿಸಿಬಿಸಿ ಇದ್ದ ಕಾಲ ನೋಡು, ಬೆಂಗಳೂರು ಹೊತ್ತಿ ಉರಿದು ತಿಂಗಳೂ ಆಗಿರಲಿಲ್ಲ. ಯಾರು ಸತ್ತರು, ಯಾರಿಗೆ ಕಲ್ಲು ಬಿತ್ತು ಅಂತ ಎದೆ ಡವಡವ. ಬಸ್ ಮಾತ್ರ ಎಂದಿನಂತೆ ಓಡುತ್ತಿತ್ತು. ನಿಲ್ದಾಣದಲ್ಲಿದ್ದ ಮುದುಕಿಯನ್ನು ಕೇಳಿದೆ. ‘ಇವತ್ತು ಬುಧವಾರ ಅಲ್ವೇನಮ್ಮ’ ಅಂದಳು. ಅಷ್ಟೇ. ಅವಳ ಪಾಲಿಗೆ ಉತ್ತರ ಮುಗಿದಿತ್ತು.

ಆ ಬುಧವಾರದ ಹಿಂದೆ ಎಂಬತ್ತು ವರ್ಷದ ಕಥೆ ಇತ್ತು ಅಂತ ಆಮೇಲೆ ತಿಳಿಯಿತು. ನೂರು ನೂರಿಪ್ಪತ್ತು ವರ್ಷದ ಹಿಂದೆ ಇಲ್ಲಿನ ಅಂಗಡಿ ಹುಡುಗ ಹುಡುಗಿಯರ ಪಾಡು ನಮ್ಮ ಚಿಕ್ಕಪೇಟೆ ಗುಮಾಸ್ತರಿಗಿಂತ ಮೇಲೇನೂ ಇರಲಿಲ್ಲ. ರಾತ್ರಿ ಒಂಬತ್ತು ಹತ್ತರ ತನಕ ನಿಂತುಕೊಂಡೇ ವ್ಯಾಪಾರ, ಮಲಗೋದು ಎಷ್ಟೋ ಕಡೆ ಮಾಲೀಕರೇ ಕೊಟ್ಟ ಅಟ್ಟದ ಮೇಲೆ, ಊಟದ ದುಡ್ಡು ಸಂಬಳದಲ್ಲೇ ಮುರಿದು. 1886ರಲ್ಲಿ ಒಂದು ಕಾಯಿದೆ ಬಂತು, ಹದಿನೆಂಟು ತುಂಬದವರಿಗೆ ವಾರಕ್ಕೆ 74 ಗಂಟೆ ಮೀರಿ ಕೆಲಸ ಕೊಡಬೇಡಿ ಅಂತ. ಎಪ್ಪತ್ತನಾಲ್ಕು ಅನ್ನೋದೇ ದಯೆ ಆಗಿದ್ದ ಕಾಲ! 1899ರಲ್ಲಿ ಮೂವರು ಹೆಣ್ಣುಮಕ್ಕಳಿಗೆ ಒಂದಾದರೂ ಕೂರುವ ಪೀಠ ಇಡಬೇಕು ಅಂತ ಇನ್ನೊಂದು. ಇದನ್ನ ಓದಿದಾಗ ನನಗೆ ನೆನಪಾಗಿದ್ದು ನಮ್ಮ ಸೀರೆ ಅಂಗಡಿಗಳು. ಕೂರುವ ಹಕ್ಕಿನ ಕಾನೂನು ಕೇರಳದಲ್ಲಿ ಬಂದಿದ್ದು 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ. ನೂರಿಪ್ಪತ್ತು ವರ್ಷ ಆ ಹೆಣ್ಣುಮಕ್ಕಳ ಕಾಲು ಏನಾಯಿತೋ.

1904ರಲ್ಲಿ ಊರಿನ ಆಡಳಿತಕ್ಕೆ ಅಂಗಡಿ ಮುಚ್ಚುವ ಹೊತ್ತು ಗೊತ್ತುಮಾಡುವ ಅಧಿಕಾರ ಕೊಟ್ಟರು. ಆದರೆ ಆ ವ್ಯಾಪಾರದ ಅಂಗಡಿಕಾರರಲ್ಲಿ ಮೂರನೇ ಎರಡು ಪಾಲು ಜನ ಒಪ್ಪಬೇಕು ಅಂತ ಒಂದು ಕೊಂಡಿ. ಪಕ್ಕದವನು ತೆಗೆದಿದ್ದರೆ ನಾನು ಹೇಗೆ ಮುಚ್ಚಲಿ, ಇದೇ ರಾಗ. ಕಡೆಗೆ 1911ರಲ್ಲಿ, ಚರ್ಚಿಲ್ ಗೃಹಮಂತ್ರಿಯಾಗಿದ್ದಾಗ ತಂದ ಮಸೂದೆ ಪಾಸಾಯಿತು. ಅದರಲ್ಲಿ ವಾರಕ್ಕೆ 60 ಗಂಟೆಯ ಮಿತಿಯೂ ಇತ್ತು, ವ್ಯಾಪಾರಿಗಳ ಗದ್ದಲದಲ್ಲಿ ಬಿದ್ದುಹೋಯಿತು. ಉಳಿದಿದ್ದು ವಾರದಲ್ಲಿ ಒಂದು ದಿನ ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕೋದು. ಯಾವ ದಿನ ಅನ್ನೋದು ಊರೂರಿಗೆ ಬೇರೆ. ನಮ್ಮ ಊರು ಬುಧವಾರ ಹಿಡಿದುಕೊಂಡಿತ್ತು, ಪಕ್ಕದ ಊರು ಮಂಗಳವಾರ. ಹಾಗಾಗಿ ಗೊತ್ತಿದ್ದವರು ಬುಧವಾರ ಪಕ್ಕದ ಊರಿಗೆ ಬಸ್ ಹತ್ತುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ದೀಪ, ಕಲ್ಲಿದ್ದಲು ಉಳಿಸೋಕೆ ಅಂತ ರಾತ್ರಿ ಬೇಗ ಮುಚ್ಚಿಸಿದರು, ಯುದ್ಧ ಮುಗಿದರೂ ಅದು ಹೋಗಲಿಲ್ಲ. 1928ರ ಕಾಯಿದೆಯಲ್ಲಿ ರಾತ್ರಿ 8 ಗಂಟೆ, ವಾರಕ್ಕೊಂದು ದಿನ 9 ಅಂತ ಖಾಯಂ ಆಯಿತು. ಅರ್ಧ ದಿನದ ರಜೆ 1994ರ ತನಕ ಕಾನೂನು ಪುಸ್ತಕದಲ್ಲಿತ್ತು. ನಾನು ಅದರ ಬಾಲ ಹಿಡಿದವಳು.

ಇನ್ನು ಲೈಬ್ರರಿ. ಅಲ್ಲಿಗೇ ಬರೋಣ ಅಂತ ಇಷ್ಟು ಹೊತ್ತು ಸುತ್ತಿದೆ.

ಹೌದು, ಪುಕ್ಕಟೆ. 1964ರ ಕಾನೂನಿನ ಪ್ರಕಾರ ಆ ಊರಲ್ಲಿ ಇರುವವರು, ಅಲ್ಲಿ ದುಡಿಯುವವರು, ಓದುವವರು ಯಾರಾದರೂ ಸದಸ್ಯರಾಗಬಹುದು, ಪುಸ್ತಕ ಒಯ್ಯೋಕೆ ಬಾಡಿಗೆ ಇಲ್ಲ. ವೀಸಾ ಯಾವುದು ಅಂತ ಕೇಳೋದಿಲ್ಲ, ವಿಳಾಸದ ಒಂದು ಕಾಗದ ಸಾಕು. ಮಗಳನ್ನ ಮೊದಲನೇ ವಾರವೇ ಕರೆದುಕೊಂಡು ಹೋಗು. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಪುಸ್ತಕ ಓದುವ ಪಂಥ ಇಟ್ಟಿರುತ್ತಾರೆ, ಮುಗಿಸಿದರೆ ಸರ್ಟಿಫಿಕೇಟು, ಪದಕ. ನನ್ನ ಮಗ ಇಂಗ್ಲಿಷ್ ಕಲಿತಿದ್ದು ಶಾಲೆಯಲ್ಲಿ ಅನ್ನೋದಕ್ಕಿಂತ ಆ ಮೂಲೆಯ ಕೆಂಪು ಕುರ್ಚಿಯಲ್ಲಿ ಅನ್ನಬೇಕು.

ಈ ಪುಕ್ಕಟೆಯ ದುಡ್ಡು ಎಲ್ಲಿಂದ ಅಂತೀಯಾ? 1850ರಲ್ಲಿ ಇಲ್ಲಿನ ಪಾರ್ಲಿಮೆಂಟು ಊರುಗಳಿಗೆ ಲೈಬ್ರರಿ ಇಡುವ ಅನುಮತಿ ಕೊಟ್ಟಿತು, ಹತ್ತು ಸಾವಿರಕ್ಕಿಂತ ಹೆಚ್ಚು ಜನ ಇರುವ ಪಟ್ಟಣಗಳಿಗೆ ಮಾತ್ರ. ಅದಕ್ಕೂ ಮನೆತೆರಿಗೆ ಕಟ್ಟುವವರ ಮತ ತೆಗೆದುಕೊಂಡು ಮೂರನೇ ಎರಡು ಪಾಲು ಬರಬೇಕು. ಹಾಕಬಹುದಾದ ತೆರಿಗೆ ಮನೆಯ ವಾರ್ಷಿಕ ಬಾಡಿಗೆ ಬೆಲೆಯ ಪೌಂಡಿಗೆ ಅರ್ಧ ಪೆನ್ನಿ, ಮತ್ತು ಆ ದುಡ್ಡಲ್ಲಿ ಕಟ್ಟಡ ಕಟ್ಟಬಹುದು, ಸಂಬಳ ಕೊಡಬಹುದು, ಪುಸ್ತಕ ಕೊಳ್ಳುವ ಹಾಗಿಲ್ಲ! ಪುಸ್ತಕ ದಾನಿಗಳು ಕೊಡಲಿ ಅಂತ. 1855ರಲ್ಲಿ ಒಂದು ಪೆನ್ನಿ ಮಾಡಿ ಪುಸ್ತಕಕ್ಕೂ ಅನುಮತಿ ಕೊಟ್ಟರು. ಆಗ ಪೌಂಡಿಗೆ 240 ಪೆನ್ನಿ. 20 ಪೌಂಡ್ ಬೆಲೆ ಕಟ್ಟಿದ ಮನೆಯಿಂದ ವರ್ಷಕ್ಕೆ 20 ಪೆನ್ನಿ ಬಂತು ಅನ್ನು. ಅಷ್ಟರಲ್ಲೇ ಅರವತ್ತು ಚಿಲ್ಲರೆ ವರ್ಷ ತಳ್ಳಿದರು. ನಡುವೆ ಕಾರ್ನೆಗಿ ಬಂದ. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನ ನೇಕಾರನ ಮಗ, ಅಮೆರಿಕಕ್ಕೆ ಹೋಗಿ ಉಕ್ಕಿನಲ್ಲಿ ಕೋಟ್ಯಧಿಪತಿಯಾದವನು. ಬ್ರಿಟನ್, ಐರ್ಲೆಂಡಿನಲ್ಲಿ 660 ಲೈಬ್ರರಿಗೆ ದುಡ್ಡು ಕೊಟ್ಟ. ಶರತ್ತು ಇಷ್ಟೇ: ಕಟ್ಟಡ ನನ್ನದು, ನಡೆಸೋದು ಊರಿನ ತೆರಿಗೆಯದ್ದು. ಎಷ್ಟೋ ಊರುಗಳಲ್ಲಿ ಗುಮ್ಮಟದ ಕಟ್ಟಡ ಎದ್ದಿತು, ಒಳಗೆ ಪುಸ್ತಕ ಕೊಳ್ಳೋಕೆ ಪೆನ್ನಿ ಸಾಲಲಿಲ್ಲ. ಅಡಿಗೆಮನೆ ಅಮೃತಶಿಲೆಯದ್ದು, ಡಬ್ಬಿಯಲ್ಲಿ ಅಕ್ಕಿ ಇಲ್ಲ ಅನ್ನೋ ಹಾಗೆ. ಪೆನ್ನಿಯ ಮಿತಿ ತೆಗೆದಿದ್ದು 1919ರಲ್ಲಿ. ಹಳ್ಳಿಗಾಡಿನ ಕೌಂಟಿಗಳೂ ಲೈಬ್ರರಿ ನಡೆಸಬಹುದು ಅಂತ ಆದದ್ದೂ ಆಗಲೇ.

ಇದು ನಮಗೆ ದೂರದ ಮಾತಲ್ಲ. ಮದರಾಸಿನಲ್ಲಿ ಗಣಿತ ಕಲಿಸುತ್ತಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಲಂಡನ್ನಿಗೆ ಬಂದು ಗ್ರಂಥಾಲಯ ವಿದ್ಯೆ ಕಲಿತರು, ಕ್ರಾಯ್ಡನ್ ಲೈಬ್ರರಿ ಹೇಗೆ ನಡೆಯುತ್ತೆ ಅಂತ ಹತ್ತಿರದಿಂದ ನೋಡಿದರು. ಪುಸ್ತಕ ವಿಂಗಡಿಸುವ ಅವರ ಕೋಲನ್ ಪದ್ಧತಿ ಹೊಳೆದಿದ್ದು ಸೆಲ್ಫ್ರಿಡ್ಜಸ್ ಅಂಗಡಿಯಲ್ಲಿ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸುವ ಮೆಕ್ಯಾನೊ ಆಟಿಕೆ ನೋಡಿದಾಗ ಅಂತ ಅವರೇ ಹೇಳಿಕೊಂಡಿದ್ದಾರೆ. ಅಂಗಡಿ ತೆಗೆದಿದ್ದ ಹೊತ್ತಿಗೆ ಹೋಗಿದ್ದು ಪುಣ್ಯ. ಅವರ ಪ್ರಯತ್ನದಿಂದಲೇ 1948ರಲ್ಲಿ ಮದರಾಸಿನ ಗ್ರಂಥಾಲಯ ಕಾಯಿದೆ ಬಂತು, ಮನೆತೆರಿಗೆಯ ಮೇಲೆ ಲೈಬ್ರರಿ ಸೆಸ್ ಸಮೇತ. ಆಗ ಮಂಗಳೂರು, ಬಳ್ಳಾರಿ ಎರಡೂ ಮದರಾಸಿನಲ್ಲೇ ಇದ್ದವು. ನಮ್ಮ ಶಿವಮೊಗ್ಗದವರಿಗೆ 1965ರ ಕರ್ನಾಟಕದ ಕಾಯಿದೆ ಆಗಬೇಕಾಯಿತು. ನಿಮ್ಮ ಮನೆ ಕಂದಾಯದ ರಸೀತಿ ತೆಗೆದು ನೋಡು, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತೆ. ಅಪ್ಪಯ್ಯ ಪ್ರತಿ ವರ್ಷ ಆ ಸಾಲಿನ ಮೇಲೆ ಬೆರಳಿಟ್ಟು ‘ಇದು ನ್ಯಾಯವಾದ ದುಡ್ಡು’ ಅನ್ನುತ್ತಿದ್ದರು. ಮೇಷ್ಟ್ರು ನೋಡು.

ಅಪ್ಪಯ್ಯನ ಮಾತು ಬಂತು. ಅವರು ಒಂದು ಬೇಸಿಗೆ ನಮ್ಮ ಜೊತೆ ಬಂದಿದ್ದರು. ನಾವು ಕೆಲಸಕ್ಕೆ ಹೋದರೆ ಅವರಿಗೆ ಹೊತ್ತು ಹೋಗುವುದಿಲ್ಲ, ಇಳಿಜಾರಿನ ಕೆಳಗಿದ್ದ ಶಾಖೆ ಲೈಬ್ರರಿಗೆ ಬಿಟ್ಟು ಹೋಗುತ್ತಿದ್ದೆ. ಕಾರ್ನೆಗಿ ದುಡ್ಡಿನ ಹಳೆ ಕಟ್ಟಡ, ಬೆಚ್ಚಗಿರುತ್ತಿತ್ತು. ಹೊರನಾಡಿನ ಭಾಷೆಗಳಿಗೆ ಅಂತ ಒಂದು ಗೋಡೆ: ಗುಜರಾತಿ, ಉರ್ದು, ಪಂಜಾಬಿ, ಬಂಗಾಳಿ. ಅಪ್ಪಯ್ಯ ಎಡದಿಂದ ಬಲಕ್ಕೆ ನಡೆದು, ಬಲದಿಂದ ಎಡಕ್ಕೆ ವಾಪಸ್ ಬಂದು, ‘ನಮ್ಮದು ಯಾವ ಕಡೆ?’ ಅಂದರು. ಲೈಬ್ರರಿಯಾಕೆಯನ್ನು ಕೇಳಿದೆ. ಅವಳು ಮುಖ ಸಪ್ಪಗೆ ಮಾಡಲಿಲ್ಲ, ಡ್ರಾಯರಿನಿಂದ ಒಂದು ಹಳದಿ ಫಾರಂ ತೆಗೆದಳು. ಭಾಷೆ ಯಾವುದು, ಓದುವವರು ಯಾರು, ಹೆಸರು, ವಿಳಾಸ, ಸಹಿ. ಒಂದಷ್ಟು ಜನ ಕೇಳಿದರೆ ತರಿಸುತ್ತೇವೆ, ಗುಜರಾತಿಯೂ ಹಾಗೇ ಬಂದದ್ದು ಅಂದಳು.

ಆ ಫಾರಂ ಹಿಡಿದುಕೊಂಡು ನಮ್ಮವರ ಕೂಟಕ್ಕೆ ಹೋದೆ. ಬಾಡಿಗೆಗೆ ಹಿಡಿದ ಹಾಲ್, ಬಿಸಿಬೇಳೆಬಾತಿನ ಸಾಲು, ಮಕ್ಕಳ ಕೋಲಾಟ. ಎಲ್ಲರೂ ಒಳ್ಳೆಯವರೇ ಮಾರಾಯ್ತಿ. ‘ಕನ್ನಡ ಪುಸ್ತಕ ಊರಿಂದ ತಂದುಕೊಳ್ತೀವಲ್ಲ’ ಅಂದರು ಒಬ್ಬರು. ‘ಸರ್ಕಾರದ ಕಾಗದಕ್ಕೆ ಹೆಸರು ವಿಳಾಸ ಯಾಕೆ, ನಾಳೆ ವೀಸಾಗೆ ಏನಾದರೂ ಆದರೆ’ ಅಂದರು ಇನ್ನೊಬ್ಬರು. ‘ಆಮೇಲೆ ಹಾಕ್ತೀನಿ’ ಅಂದವರೇ ಹೆಚ್ಚು. ಮನೆಗೆ ಬಂದಾಗ ಫಾರಮ್ಮಿನ ಮೇಲೆ ನಾಲ್ಕೈದು ಸಹಿ, ಒಂದು ಸಾರಿನ ಕಲೆ. ಕನ್ನಡದ ಕಪಾಟು ಬರಲಿಲ್ಲ. ಅಪ್ಪಯ್ಯ ಉಳಿದ ದಿನಗಳಲ್ಲಿ ಹಳೆಯ ಹಿಂದೂಸ್ತಾನದ ನಕಾಶೆ ಪುಸ್ತಕ ತೆಗೆದು ಶರಾವತಿ ಹುಡುಕುತ್ತಾ ಕೂತಿರುತ್ತಿದ್ದರು. ಮುಂದಿನ ಬೇಸಿಗೆಗೆ ಅವರು ಇರಲಿಲ್ಲ.

2010ರ ನಂತರ ಸರ್ಕಾರ ಕೌನ್ಸಿಲ್‌ಗಳಿಗೆ ಕೊಡುವ ಹಣ ಕತ್ತರಿಸಿತಲ್ಲ, ಆಗ ನಮ್ಮ ಶಾಖೆಯ ಮೇಲೂ ಕಣ್ಣು ಬಿತ್ತು. ಮುಚ್ಚುವ ಮೊದಲು ಜನರ ಅಭಿಪ್ರಾಯ ಕೇಳುತ್ತಾರೆ, ಕಾಗದ ಮನೆಗೇ ಬರುತ್ತೆ, ಇಂಟರ್ನೆಟ್ಟಿನಲ್ಲೂ ತುಂಬಬಹುದು. ನಾನು ತುಂಬಿದೆ. ಮತ್ತೆ ಕೂಟದ ಅದೇ ಹಾಲ್, ಅದೇ ಸಾಲು. ‘ಅದು ಅವರ ಊರಿನ ಗಲಾಟೆ, ನಮಗ್ಯಾಕೆ’ ಅಂದರು, ಇಪ್ಪತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದವರು. ಮೌನಂ ಸಮ್ಮತಿ ಲಕ್ಷಣಂ ಅಂತ ನಾವೇ ಗಾದೆ ಹೇಳೋದು, ಈ ಊರಿನವರು ಅದನ್ನ ಲೆಕ್ಕದ ಪುಸ್ತಕದಲ್ಲೇ ಬರೆದುಕೊಂಡಿರುತ್ತಾರೆ. ಶಾಖೆಯನ್ನು ಊರಿನ ಸ್ವಯಂಸೇವಕರಿಗೆ ಒಪ್ಪಿಸಿದರು. ಈಗ ವಾರದಲ್ಲಿ ಎರಡು ಅರ್ಧ ದಿನ ತೆಗೆಯುತ್ತೆ, ಆ ಭಾಷೆಗಳ ಗೋಡೆ ದೊಡ್ಡ ಲೈಬ್ರರಿಗೆ ಹೋಯಿತು. ಬೇರೆ ಏನು ಕಳೆದುಕೊಂಡರೂ ನನಗೆ ಇಷ್ಟು ಹೊಟ್ಟೆ ಉರಿದಿಲ್ಲ.

ಕೌನ್ಸಿಲ್ ಟ್ಯಾಕ್ಸಿನ ವಿಷಯ: ಕಸ, ಬೀದಿದೀಪ, ವಯಸ್ಸಾದವರ ಆರೈಕೆ, ರಸ್ತೆ, ಪೊಲೀಸು, ಅದರಲ್ಲೇ ಲೈಬ್ರರಿಯ ಸಣ್ಣ ಪಾಲು. ಬಿಲ್ಲಿನ ಜೊತೆ ವಿವರದ ಕರಪತ್ರ ಬರುತ್ತೆ, ಪಿಜ್ಜಾ ಕಾಗದಗಳ ಜೊತೆ ಎಸೆಯಬೇಡ. ಹತ್ತು ಕಂತಿನಲ್ಲಿ ಕಟ್ಟಬಹುದು. ಭಾರತದ ಪೌರರಾಗಿದ್ದರೂ ಕಾಮನ್‌ವೆಲ್ತಿನವರು ಅಂತ ಇಲ್ಲಿ ಓಟು ಹಾಕುವ ಹಕ್ಕು ಇದೆ. ಮನೆ ಸಿಕ್ಕಿದ ವಾರವೇ ನೀವಿಬ್ಬರೂ ಮತದಾರರ ಪಟ್ಟಿಗೆ ಹೆಸರು ಸೇರಿಸಿ, ಬ್ಯಾಂಕಿನ ಸಾಲಕ್ಕೂ ಅದು ಉಪಯೋಗ.

ನಿನ್ನ ಮಗಳಿಗೆ ಕನ್ನಡ ಪುಸ್ತಕ ಊರಿಂದಲೇ ತಾ, ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಗೆ ಇಟ್ಟ ಜಾಗದಲ್ಲಿ ಅರ್ಧ ಅದಕ್ಕೆ ಕೊಡು. ಹಳದಿ ಫಾರಂ ಈಗ ಬಣ್ಣ ಬದಲಾಗಿರಬಹುದು, ಆದರೆ ನಿಮ್ಮ ಊರಿನ ಲೈಬ್ರರಿಯಲ್ಲಿ ಕೇಳು, ಮೊದಲ ಸಹಿಗೆ ನಾನು ಬರಲಾರೆ, ನನ್ನದು ಬೇರೆ ಕೌನ್ಸಿಲ್.

ಮಾರ್ಚ್ ಕೊನೆ ಅಂದೆಯಲ್ಲ, ಟಿಕೆಟ್ ಮಾಡುವ ಮುಂಚೆ ಈಸ್ಟರ್ ಯಾವ ಭಾನುವಾರ ಬೀಳುತ್ತೆ ನೋಡಿಕೋ. ಆ ಭಾನುವಾರ ದೊಡ್ಡ ಅಂಗಡಿ ಒಂದೂ ತೆಗೆಯೋದಿಲ್ಲ, ಆರು ಗಂಟೆಯೂ ಇಲ್ಲ. ಶನಿವಾರವೇ ಇಳಿದರೆ ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲೇ ಹಾಲು, ಅಕ್ಕಿ, ಮೊಸರು ತೆಗೆದುಕೊಂಡು ಬಿಡು.