ಏಳು ಸಿನಿಮಾ ಬೇಡ, ಆ ಒಂದು ಫೋನ್ ಕರೆ ಸಾಕು

ನಮಸ್ಕಾರ.

ಅಮೆರಿಕದ ರಾಜಕೀಯ ಮತ್ತು ಪತ್ರಿಕೆಗಳ ಕುರಿತ ಸಿನಿಮಾಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಮೂರನೇ ಪುಟದ ನಾಲ್ಕು ಸಾಲು ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಏಳು ಸಿನಿಮಾಗಳ ಕತೆ ಹೇಳಿದ್ದೀರಿ. ಒಂದೊಂದಕ್ಕೂ ಒಂದು ಪ್ಯಾರಾ, ಪ್ರತಿ ಪ್ಯಾರಾದ ಕೊನೆಗೆ ‘ಪತ್ರಿಕೆ ಪ್ರಜಾಪ್ರಭುತ್ವದ ನಾಲ್ಕನೇ ಕಂಬ’ ಅನ್ನೋ ಮಾತು. ಕತೆ ಓದುಗರಿಗೆ ಎಲ್ಲಿ ಬೇಕಾದರೂ ಸಿಗುತ್ತದೆ. ನಿಮ್ಮ ಕಣ್ಣಿಗೆ ಬಿದ್ದದ್ದನ್ನು ನೀವೇ ಹೇಳಬೇಕು.

ಆ ನಾಲ್ಕು ಸಾಲು ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’ (1976) ಸಿನಿಮಾದ ಫೋನ್ ದೃಶ್ಯದ್ದು. 1972ರಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ನುಗ್ಗಿ ಸಿಕ್ಕಿಬಿದ್ದ ಕಳ್ಳರಲ್ಲೊಬ್ಬನ ಖಾತೆಗೆ, ಅಧ್ಯಕ್ಷ ನಿಕ್ಸನ್ ಅವರ ಚುನಾವಣಾ ನಿಧಿಯ 25,000 ಡಾಲರಿನ ಚೆಕ್ ಬಂದಿದೆ. ಚೆಕ್ಕಿನಲ್ಲಿ ಹೆಸರಿರುವ ವ್ಯಕ್ತಿಗೆ ‘ವಾಷಿಂಗ್ಟನ್ ಪೋಸ್ಟ್’ ವರದಿಗಾರ ವುಡ್‌ವರ್ಡ್ ಫೋನ್ ಮಾಡುತ್ತಾನೆ. ಸುಮಾರು ಆರು ನಿಮಿಷ ಒಂದೇ ಶಾಟ್, ಎಲ್ಲೂ ಕತ್ತರಿ ಬಿದ್ದಿಲ್ಲ. ಹಿಂದೆ ಆಫೀಸಿನವರು ಟಿವಿ ಮುಂದೆ ಗುಂಪು ಕಟ್ಟಿದ್ದಾರೆ. ಕ್ಯಾಮೆರಾ ಮೆಲ್ಲಗೆ, ಗೊತ್ತೇ ಆಗದ ಹಾಗೆ ಅವನ ಮುಖದ ಹತ್ತಿರ ಬರುತ್ತದೆ. ‘ಅವನ ಕೈ ಬರೆಯುತ್ತಲೇ ಇರುತ್ತದೆ, ಕಿವಿಗಿಂತ ಮೊದಲು ಕೈಗೇ ಸುದ್ದಿ ಗೊತ್ತಾದ ಹಾಗೆ’ ಅಂತ ಬರೆದಿದ್ದೀರಿ. ಎಷ್ಟು ಚೆನ್ನಾಗಿದೆ! ಇನ್ನೂ ಒಂದು ನೋಡಿ: ಕೊನೆಯ ಹೊತ್ತಿಗೆ ಅವನು ಒಂದು ಹೆಸರನ್ನು ತಪ್ಪಾಗಿ ಹೇಳಿ, ಅಲ್ಲೇ ತಿದ್ದಿಕೊಳ್ಳುತ್ತಾನೆ. ಅದು ನಟ ರಾಬರ್ಟ್ ರೆಡ್‌ಫರ್ಡ್ ನಿಜವಾಗಿಯೂ ತಡವರಿಸಿದ್ದು. ನಿರ್ದೇಶಕ ಅಲನ್ ಪಕುಲಾ ಹಾಗೇ ಉಳಿಸಿಕೊಂಡರು.

ಈಗ ತಪ್ಪುಗಳು. ‘ಫಾಲೋ ದಿ ಮನಿ’ (ಹಣದ ಜಾಡು ಹಿಡಿ) ಎಂದು, ಗುಟ್ಟಾಗಿ ಸುಳಿವು ಕೊಡುತ್ತಿದ್ದ ಎಫ್‌ಬಿಐ ಅಧಿಕಾರಿ ಮಾರ್ಕ್ ಫೆಲ್ಟ್ ವುಡ್‌ವರ್ಡ್‌ಗೆ ಹೇಳಿದರು ಅಂತ ಬರೆದಿದ್ದೀರಿ. ಸಿನಿಮಾಕ್ಕೆ ಆಧಾರವಾದ, ವುಡ್‌ವರ್ಡ್ ಮತ್ತು ಜೊತೆಗಾರ ವರದಿಗಾರ ಬರ್ನ್‌ಸ್ಟೀನ್ ಬರೆದ 1974ರ ಪುಸ್ತಕದಲ್ಲಿ ಆ ಮಾತೇ ಇಲ್ಲ. ಅದು ಸಿನಿಮಾದ ಸಂಭಾಷಣೆ. ಚಿತ್ರಕಥೆ ವಿಲಿಯಂ ಗೋಲ್ಡ್‌ಮನ್ ಅವರದು.

ಎರಡನೆಯದು ಇದಕ್ಕಿಂತ ದೊಡ್ಡದು. ‘ಇಬ್ಬರು ಪತ್ರಕರ್ತರು ನಿಕ್ಸನ್‌ನನ್ನು ಕೆಳಗಿಳಿಸಿದರು’ ಎಂದಿದ್ದೀರಿ. ಸಿನಿಮಾನೇ ಹಾಗೆ ಹೇಳೋದಿಲ್ಲ. ಅದರಲ್ಲಿ ಅವರು ಬರೆಯುವ ಕೊನೆಯ ದೊಡ್ಡ ವರದಿಯಲ್ಲೇ ತಪ್ಪಿದೆ. ಸಾಕ್ಷಿ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ನಿಕ್ಸನ್ ಅವರ ಆಪ್ತ ಅಧಿಕಾರಿ ಹಾಲ್ಡ್‌ಮನ್ ಹೆಸರು ಹೇಳಿದ್ದಾನೆ ಅಂತ ಬರೆದರು, ಅವನು ಹೇಳಿರಲಿಲ್ಲ. ಆಮೇಲೆ ಟಿವಿಯಲ್ಲಿ ನಿಕ್ಸನ್ ಎರಡನೇ ಸಲ ಪ್ರಮಾಣ ವಚನ ತೆಗೆದುಕೊಳ್ಳುತ್ತಾರೆ, ತೋಪು ಹಾರುತ್ತದೆ. ಹಿಂದೆ ಆ ಇಬ್ಬರೂ ತಲೆ ಎತ್ತದೆ ಟೈಪ್ ಮಾಡುತ್ತಿದ್ದಾರೆ. ಮುಂದಿನದನ್ನೆಲ್ಲ ಸುದ್ದಿ ಟೈಪಾಗಿ ಬರುವ ಯಂತ್ರ, ಟೆಲಿಪ್ರಿಂಟರ್, ಒಂದೊಂದೇ ಸಾಲಾಗಿ ಹೇಳಿ ಮುಗಿಸುತ್ತದೆ. 1974ರ ಆಗಸ್ಟ್‌ನಲ್ಲಿ ನಿಕ್ಸನ್ ರಾಜೀನಾಮೆ ಕೊಡುವ ಮೊದಲು ಕಳ್ಳರ ಮೊಕದ್ದಮೆ ನಡೆಸಿದ ನ್ಯಾಯಾಧೀಶ ಸಿರಿಕಾ, ತನಿಖೆ ಮಾಡಿದ ಸೆನೆಟ್ ಸಮಿತಿ, ನಿಕ್ಸನ್ ತಮ್ಮ ಕಚೇರಿಯ ಮಾತುಕತೆ ಮುದ್ರಿಸಿಕೊಂಡಿದ್ದ ಟೇಪುಗಳು, ಅವನ್ನು ಒಪ್ಪಿಸಿ ಎಂಬ ಸುಪ್ರೀಂ ಕೋರ್ಟ್ ತೀರ್ಪು ಎಲ್ಲ ಬರಬೇಕಾಯಿತು. ಗೆದ್ದ ಜಾಗದಲ್ಲಿ ಅಲ್ಲ, ಎಡವಿದ ಜಾಗದಲ್ಲಿ ಪಕುಲಾ ಯಾಕೆ ನಿಲ್ಲಿಸಿದರು? ಫೋನಿನಲ್ಲಿ ತಪ್ಪಿದ ಆ ಹೆಸರಿಗೂ ಇದಕ್ಕೂ ಸಂಬಂಧ ಇದೆ ಅಲ್ವಾ? ನಿಮ್ಮ ಲೇಖನ ಅಲ್ಲಿಂದ ಶುರುವಾಗಲಿ.

900 ಪದ ಸಾಕು. ಉಳಿದ ಆರು ಸಿನಿಮಾ ತೆಗೆದುಬಿಡಿ. 1976ರಲ್ಲೇ ಬಂದ ‘ನೆಟ್‌ವರ್ಕ್’ ಬಿಡೋಕೆ ಮನಸ್ಸಾಗದಿದ್ದರೆ ಅದಕ್ಕೆ ಬೇರೆ ಲೇಖನ ಮಾಡೋಣ. ಫೋನ್ ದೃಶ್ಯವನ್ನು ಇನ್ನೊಮ್ಮೆ ನೋಡಿ, ಈ ಸಲ ಸದ್ದು ಪೂರ್ತಿ ಕಡಿಮೆ ಮಾಡಿ. ಮುಂದಿನ ತಿಂಗಳು 10ರೊಳಗೆ ಕಳಿಸಿದರೆ ಆ ಸಂಚಿಕೆಯಲ್ಲೇ ಜಾಗ ಇಟ್ಟಿರುತ್ತೇನೆ.