ಬೋರಮಾಳದ ಆರೋಪ: ಮರೆವಿನ ಕಾಯಿಲೆಯ ಅತ್ತೆ ಮತ್ತು ಆರೈಕೆ ಮಾಡುವ ಸೊಸೆ

(ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಆಳಂದ ತಾಲ್ಲೂಕಿನ ಹಳ್ಳಿಯೊಂದರಿಂದ ನಲವತ್ತರ ಆಸುಪಾಸಿನ ಮಹಿಳೆಯೊಬ್ಬರು ತಮ್ಮೂರಿನ ಆಶಾ ಕಾರ್ಯಕರ್ತೆಯ ಜೊತೆ ಆಪ್ತಸಲಹೆಗಾಗಿ ಕಲಬುರಗಿಗೆ ಬಂದು ನನ್ನನ್ನು ಕಂಡರು. ನಿದ್ರೆ ಬರುತ್ತಿಲ್ಲ, ಎದೆ ಬಡಿದುಕೊಳ್ಳುತ್ತದೆ, ಊಟ ಸೇರುತ್ತಿಲ್ಲ ಎಂಬುದು ಅವರ ದೂರಾಗಿತ್ತು. ಎಪ್ಪತ್ತು ದಾಟಿದ ಅತ್ತೆಯ ಮಾತು ಬಂದದ್ದು ಬಹಳ ಹೊತ್ತಿನ ಮೇಲೆ. "ನಾ ಬೋರಮಾಳ ಕದ್ದೀನಂತ ಓಣ್ಯಾಗೆಲ್ಲಾ ಹೇಳ್ಯಾಳ್ರಿ ನಮ್ಮತ್ತಿ. ಉಣ್ಣಾಕ ಹಾಕಂಗಿಲ್ಲಂತ ನಾದಿನಿ ಮುಂದ ಅತ್ತಾಳ," ಎಂದರು. ಬೋರಮಾಳವೆಂದರೆ ಬಂಗಾರದ ಗುಂಡುಗಳ ಸರ. ಗಂಡ ಹೈದರಾಬಾದಿನಲ್ಲಿ ಲಾರಿ ಚಾಲಕ, ಮನೆಗೆ ಬರುವುದು ಅಪರೂಪ. ತಾಯಿಯ ಮಾತನ್ನು ನಂಬಿದ ನಾದಿನಿ, ಹಿರಿಯ ನಾಗರಿಕರ ರಕ್ಷಣೆಗಾಗಿ ಇರುವ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಕಚೇರಿಗೆ ದೂರು ಕೊಡುವುದಾಗಿ ಹೆದರಿಸಿದ್ದರು.

ಹಿಂದಿನದನ್ನು ಕೆದಕಿ ಕೇಳಿದಾಗ ತಿಳಿದದ್ದಿಷ್ಟು. ಸುಮಾರು ಎರಡು ವರ್ಷಗಳಿಂದ ಅತ್ತೆ ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರು. ಸಂತೆಯಲ್ಲಿ ಚಿಲ್ಲರೆ ಎಣಿಸುವುದು ತಪ್ಪಿತು. ಬಾಯಿಲೆಕ್ಕದಲ್ಲಿ ತೊಗರಿ ಮಾರುತ್ತಿದ್ದವರು ಯಾರಿಗೆ ಎಷ್ಟು ಕೊಟ್ಟೆನೆಂಬುದನ್ನು ಮರೆತರು. ಕೊನೆಗೆ, ಇಡೀ ಓಣಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದ್ದವರೇ ಎಸರಿಡುವುದನ್ನು ಬಿಟ್ಟು ತಣ್ಣೀರಿನಲ್ಲಿ ಹಿಟ್ಟು ಕಲಸಿ ಸುಮ್ಮನೆ ಕುಳಿತರು. ಮನೆಯವರು ಇದನ್ನೆಲ್ಲ ವಯಸ್ಸಿನ ಅರಳು ಮರಳು ಎಂದುಕೊಂಡರು. ಅಕ್ಷರ ಬಾರದ ಹಿರಿಯರಿಗೆ ತಾರೀಖು ಕೇಳಿ, ವಾಕ್ಯ ಬರೆಸಿ ನೆನಪಿನ ಪರೀಕ್ಷೆ ಮಾಡುವುದರಲ್ಲಿ ಅರ್ಥವಿಲ್ಲ. ಮೊದಲು ಸಲೀಸಾಗಿ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ ಎಂದು ಕೇಳುವುದೇ ಹೆಚ್ಚು ಹೇಳುತ್ತದೆ.

ನಾನು ಮೊದಲು ಸೊಸೆಯ ವಿಚಾರವನ್ನೇ ಎತ್ತಿಕೊಂಡೆ. ಬದುಕು ಸಾಕೆನ್ನಿಸಿದೆಯೇ ಎಂದು ನೇರವಾಗಿ ಕೇಳಿದೆ. ಒಮ್ಮೊಮ್ಮೆ ಅನ್ನಿಸುತ್ತದೆ, ಆದರೆ ಮಕ್ಕಳ ಮುಖ ನೋಡಿ ಸುಮ್ಮನಾಗುತ್ತೇನೆ ಎಂದರು. ಅಂಥ ಹೊತ್ತಿನಲ್ಲಿ ಯಾವ ವೇಳೆಯಲ್ಲಾದರೂ ಕನ್ನಡದಲ್ಲಿಯೇ ಮಾತನಾಡಬಹುದಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ 14416 ಅನ್ನು ಅವರ ಮೊಬೈಲಿನಲ್ಲಿ ಸೇರಿಸಿಕೊಟ್ಟೆ. ಆಶಾ ಕಾರ್ಯಕರ್ತೆ ವಾರಕ್ಕೊಮ್ಮೆ ಮನೆಗೆ ಹೋದಾಗ ಅತ್ತೆಯ ಆರೋಗ್ಯದ ಜೊತೆಗೆ ಸೊಸೆಯ ನಿದ್ರೆ, ಊಟಗಳನ್ನೂ ವಿಚಾರಿಸಬೇಕೆಂದು ಗೊತ್ತುಮಾಡಿದೆವು.

ಅತ್ತೆಯನ್ನು ವೈದ್ಯರಿಗೆ ತೋರಿಸದೆ ಇದು ಮರೆವಿನ ಕಾಯಿಲೆಯೇ ಎಂದು ಹೇಳುವಂತಿರಲಿಲ್ಲ. ಥೈರಾಯ್ಡ್ ಕೊರತೆ, ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟುವುದು, ಬಿ12 ಜೀವಸತ್ವದ ಕೊರತೆ ಇವೆಲ್ಲವೂ ಅದೇ ರೂಪದಲ್ಲಿ ಕಾಣಿಸಿಕೊಳ್ಳಬಲ್ಲವು, ಚಿಕಿತ್ಸೆಯಿಂದ ಸುಧಾರಿಸಲೂಬಲ್ಲವು. ಈ ಹಿರಿಯರು ಸಸ್ಯಾಹಾರಿಗಳು, ಜೊತೆಗೆ ಸಕ್ಕರೆ ಕಾಯಿಲೆಗೆಂದು ಅನೇಕ ವರ್ಷಗಳಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದವರು. ಎರಡೂ ಬಿ12 ಕೊರತೆಗೆ ದಾರಿ ಮಾಡುತ್ತವೆ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡುಬಂತು, ಚುಚ್ಚುಮದ್ದು ಕೊಟ್ಟ ಮೇಲೆ ಕಾಲಿನ ಜೋಮು ಕಡಿಮೆಯಾಯಿತು, ನೆನಪು ಮಾತ್ರ ಮರಳಲಿಲ್ಲ. ಮಿದುಳಿನ ಸ್ಕ್ಯಾನ್ ನೋಡಿದ ಬಳಿಕ ವೈದ್ಯರು ಇದು ಆಲ್ಝೈಮರ್ ಬಗೆಯ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಎಂದು ನಿರ್ಧರಿಸಿದರು. ಊರಿನಲ್ಲಿ ಯಾರೋ ಕೊಟ್ಟಿದ್ದ ನಿದ್ರೆ ಮಾತ್ರೆಯನ್ನು ಅವರು ನಿಲ್ಲಿಸಿದರು. ಅಂಥ ಮಾತ್ರೆ ಗಲಿಬಿಲಿಯನ್ನು ಹೆಚ್ಚಿಸಿ ಬೀಳುವಂತೆ ಮಾಡುತ್ತದೆ. ಮುಂದೆ ಪ್ರತಿ ಸಲ ಕಲಬುರಗಿಗೆ ಬರುವ ಬದಲು, ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ಮನೋಚೈತನ್ಯ ಕಾರ್ಯಕ್ರಮದಲ್ಲಿ ತೋರಿಸಲು ತಿಳಿಸಲಾಯಿತು.

ಆದರೆ ಮನೆ ಒಡೆಯುತ್ತಿದ್ದುದು ಮರೆವಿನಿಂದಲ್ಲ, ಆರೋಪದಿಂದ. ಆದ್ದರಿಂದ ಮಗ, ಸೊಸೆ, ಮಗಳು ಮೂವರನ್ನೂ ಕೂರಿಸಿ ಮಾತನಾಡಿದೆ. ವಸ್ತುವನ್ನು ತಾವೇ ಎಲ್ಲಿಯೋ ಇಟ್ಟು ಮರೆಯುವವರಿಗೆ, ಅದು ಕಾಣದಿದ್ದಾಗ ಯಾರೋ ಕದ್ದರೆಂಬುದೊಂದೇ ಅರ್ಥವಾಗುವ ಕಾರಣ. ಸಮೀಪದಲ್ಲಿರುವವರ ಮೇಲೆಯೇ ಅನುಮಾನ ಬೀಳುತ್ತದೆ. ಉಂಡದ್ದು ನೆನಪಿಲ್ಲದವರಿಗೆ ಉಂಡಿಲ್ಲವೆಂಬುದು ಸುಳ್ಳಲ್ಲ. ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ನೂರಕ್ಕೆ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. ಇದನ್ನು ಹೇಳಿದ ಮೇಲೂ ನಾದಿನಿ ಒಪ್ಪಲಿಲ್ಲ. "ನಮ್ಮವ್ವ ಹುಟ್ಟಿ ಸುಳ್ಳ ಹೇಳಿದಾಕಿ ಅಲ್ರೀ," ಎಂದರು. ಅವರ ಮಾತು ನಿಜವೇ ಆಗಿತ್ತು.

ದಿನನಿತ್ಯದ ನಡವಳಿಕೆಗೆ ಕೊಟ್ಟ ಸಲಹೆ ಸರಳವಾದದ್ದು. "ಈಗಷ್ಟೇ ಉಂಡಿಯಲ್ಲ" ಎಂದು ವಾದಿಸಬಾರದು. ಉಂಡ ತಟ್ಟೆಯನ್ನು ಕೆಲ ಹೊತ್ತು ಕಣ್ಣೆದುರಿಗೇ ಬಿಡಬೇಕು, ಮತ್ತೆ ಕೇಳಿದರೆ ಕಾಲು ರೊಟ್ಟಿಯನ್ನೋ ಒಂದು ಲೋಟ ಮಜ್ಜಿಗೆಯನ್ನೋ ಕೊಡಬೇಕು. ಸರ ಕಳೆಯಿತೆಂದಾಗ "ನಾ ತಗೊಂಡಿಲ್ಲ" ಎನ್ನುವ ಮೊದಲು "ಬಾ ಅತ್ತಿ, ಕೂಡಿ ಹುಡುಕೂಣು" ಎನ್ನಬೇಕು. ನಿಜವಾದ ಬೋರಮಾಳವನ್ನು ಮೂವರ ಸಮಕ್ಷಮದಲ್ಲಿ ಬ್ಯಾಂಕಿನ ಲಾಕರಿನಲ್ಲಿಟ್ಟು, ಅದೇ ಮಾದರಿಯ ರೋಲ್ಡ್ ಗೋಲ್ಡ್ ಸರವನ್ನು ಅತ್ತೆಯ ಕೈಗೆ ಕೊಡಲು ಹೇಳಿದೆ. ಇದು ವಂಚನೆಯಲ್ಲವೇ ಎಂದು ಮಗ ಕೇಳಿದರು. ಮುದುಕಿಗೆ ಬೇಕಾದದ್ದು ಕೈಗೆ ಸಿಗುವ ಭರವಸೆ, ಬಂಗಾರದ ತೂಕವಲ್ಲ ಎಂಬುದು ನನ್ನ ಅಭಿಪ್ರಾಯ. ಎಲ್ಲ ಸಲಹೆಗಾರರೂ ಇದನ್ನು ಒಪ್ಪಲಾರರು.

ಬೇಸಿಗೆಯ ಬಗ್ಗೆ ವಿಶೇಷವಾಗಿ ಎಚ್ಚರಿಸಿದೆ. ನಮ್ಮಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವ ದಿನಗಳಲ್ಲಿ ನೀರು ಕೇಳಲು ಮರೆಯುವ ಹಿರಿಯರು ಬೇಗ ಬಳಲುತ್ತಾರೆ. ಒಂದೆರಡು ದಿನದಲ್ಲಿ ಗಲಿಬಿಲಿ ಏಕಾಏಕಿ ಹೆಚ್ಚಿದರೆ ಅದನ್ನು ಕಾಯಿಲೆ ಬೆಳೆಯಿತೆಂದು ಬಿಡದೆ, ನಿರ್ಜಲೀಕರಣವೋ ಮೂತ್ರದ ಸೋಂಕೋ ಇರಬಹುದೆಂದು ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ತವರಿಗೆ ಹೋಗಬೇಕೆಂದು ಅತ್ತೆ ಸಂಜೆಯ ಹೊತ್ತು ಹೊರಡುವುದು ರೂಢಿಯಾಗಿತ್ತು. ಇದಕ್ಕೆ ಓಣಿಯ ನೆರವು ಬೇಕಿತ್ತು. ಕಿರಾಣಿ ಅಂಗಡಿಯವರಿಗೆ, ಗುಡಿಯ ಪೂಜಾರಿಗೆ, ಬಸ್ ನಿಲ್ದಾಣದ ಚಹಾದಂಗಡಿಯವರಿಗೆ ವಿಷಯ ತಿಳಿಸಿ ಫೋನ್ ಸಂಖ್ಯೆ ಕೊಡುವ ಕೆಲಸವನ್ನು ಆಶಾ ಕಾರ್ಯಕರ್ತೆ ವಹಿಸಿಕೊಂಡರು. ಕಾಯಿಲೆಯೆಂದು ಓಣಿಗೆ ಗೊತ್ತಾದದ್ದರಿಂದ ಸೊಸೆಯ ಮೇಲಿನ ಕೆಟ್ಟ ಹೆಸರೂ ತಾನಾಗಿ ಇಳಿಯಿತು. ಹೊಲವನ್ನು ಮಗನ ಹೆಸರಿಗೆ ಬರೆಸಿಕೊಳ್ಳುವ ಮಾತೂ ನಡುವೆ ಬಂದಿತ್ತು. ತಿಳಿದು ಒಪ್ಪಲಾರದ ಸ್ಥಿತಿಯಲ್ಲಿ ಹೆಬ್ಬೆಟ್ಟು ಒತ್ತಿಸಿದ ಪತ್ರ ಮುಂದೆ ವ್ಯಾಜ್ಯಕ್ಕೆ ದಾರಿಯಾಗುತ್ತದೆ, ವಕೀಲರನ್ನು ಕೇಳದೆ ಮುಂದುವರಿಯಬೇಡಿ ಎಂದೆ.

ಆರೈಕೆಯನ್ನು ಹಂಚಿಕೊಳ್ಳುವ ಮೊದಲ ಪ್ರಯತ್ನವಾಗಿ ನಾದಿನಿ ತಾಯಿಯನ್ನು ಕಲಬುರಗಿಯ ತಮ್ಮ ಮನೆಗೆ ಕರೆದೊಯ್ದರು. ಹೊಸ ಮನೆಯಲ್ಲಿ ಬಚ್ಚಲು ಎಲ್ಲಿದೆಯೆಂದು ತಿಳಿಯದೆ ಅತ್ತೆಯ ಗಾಬರಿ ಹೆಚ್ಚಾಯಿತು. ಆಗ ರೋಗಿಯನ್ನು ಕದಲಿಸದೆ ಆರೈಕೆ ಮಾಡುವವರನ್ನೇ ಬದಲಿಸಲು ಸೂಚಿಸಿದೆ: ತಿಂಗಳಿಗೊಮ್ಮೆ ನಾದಿನಿ ಹಳ್ಳಿಯ ಮನೆಗೆ ಬಂದು ಕೆಲವು ದಿನ ಇರುವುದು, ಆ ದಿನಗಳಲ್ಲಿ ಸೊಸೆ ತವರಿಗೆ ಹೋಗುವುದು. ಹೀಗೆ ಬಂದಿದ್ದಾಗ ತಾಯಿ ಸರವನ್ನು ಮಗಳೇ ಕದ್ದಳೆಂದು ಓಣಿಯಲ್ಲಿ ಕೂಗಾಡಿದರು. ಆ ಬಳಿಕ ದೂರಿನ ಮಾತು ನಿಂತಿತು.

ಸೊಸೆಗೆ ಈಗ ನಿದ್ರೆ ಬರುತ್ತಿದೆ. ಅತ್ತೆ ಸ್ನಾನಕ್ಕೆ ಒಪ್ಪದಿರುವುದು ಹೊಸ ತೊಂದರೆಯಾಗಿದ್ದು, ದಿನವೂ ಮೀಯಿಸಲೇಬೇಕೆಂಬ ಹಟ ಬಿಟ್ಟು ಒದ್ದೆ ಬಟ್ಟೆಯಿಂದ ಒರೆಸಿ, ಅವರು ಸಮಾಧಾನವಾಗಿರುವ ಬೆಳಗಿನ ಹೊತ್ತಿನಲ್ಲಿ ಮೀಯಿಸಲು ತಿಳಿಸಿದ್ದೇನೆ. ಮಗ ಇನ್ನೂ ಹಣ ಕಳಿಸುವುದಷ್ಟೇ ತನ್ನ ಪಾಲೆಂದು ತಿಳಿದಿದ್ದಾರೆ. ಮುಂದಿನ ಭೇಟಿಗೆ ಅವರೂ ಬರಬೇಕೆಂದು ಹೇಳಿ ಕಳಿಸಿದ್ದೇನೆ.