ಅಪ್ಪನನ್ನು ‘ಹಿ’ ಎನ್ನುವುದು ಹೇಗೆ?

ಮಗ ಸಂದರ್ಶನಕ್ಕೆಂದು ಇಂಗ್ಲಿಷಿನಲ್ಲಿ ಬರೆದುಕೊಂಡ ನಾಲ್ಕು ಸಾಲಿನ ಪರಿಚಯವನ್ನು ಇಲ್ಲಿ ಹಾಕಿ, ಇಂಗ್ಲಿಷಿನ ಸರ್ವನಾಮಗಳಲ್ಲಿ ಎಷ್ಟು ವಿಧ, ನೆನಪಿಡುವುದು ಹೇಗೆ ಎಂದು ಕೇಳಿದ್ದೀರಿ. ವ್ಯಾಕರಣ ಪುಸ್ತಕಗಳು ಏಳೋ ಎಂಟೋ ವಿಧ ಹೇಳುತ್ತವೆ. ಆ ಪಟ್ಟಿಯನ್ನು ದಯವಿಟ್ಟು ಬಾಯಿಪಾಠ ಮಾಡಿಸಬೇಡಿ. ‘ದಿಸ್’, ‘ದಟ್’ ಎಂದರೆ ನಮ್ಮ ಇದು, ಅದು. ‘ಹೂ’, ‘ವಾಟ್’ ಎಂದರೆ ಯಾರು, ಏನು. ‘ಸಮ್‌ಒನ್’ ಎಂದರೆ ಯಾರೋ. ಇವುಗಳಲ್ಲಿ ನಮ್ಮ ಮಕ್ಕಳು ಅಷ್ಟಾಗಿ ಎಡವುವುದಿಲ್ಲ. ಕನ್ನಡದ ಅಭ್ಯಾಸ ಇಂಗ್ಲಿಷಿಗೆ ಹೊಂದದ ಕಡೆ ಎಡವುತ್ತಾರೆ, ನಿಮ್ಮ ಮಗನ ನಾಲ್ಕು ಸಾಲಿನಲ್ಲೂ ಆಗಿರುವುದು ಅದೇ.

ಮೊದಲ ಸಾಲಿನಲ್ಲಿ ‘ಮೈಸೆಲ್ಫ್’ ಎಂದು ಹೇಳಿ ಹೆಸರು ಹೇಳಿದ್ದಾನೆ. ‘ಐ ಆ್ಯಮ್’ ಸಾಕು. ಮಾಡಿದವನೂ ಮಾಡಿಸಿಕೊಂಡವನೂ ಒಬ್ಬನೇ ಆದಾಗ ‘ಮೈಸೆಲ್ಫ್’ ಬರುತ್ತದೆ: ‘ಐ ಕಟ್ ಮೈಸೆಲ್ಫ್’, ಅಂದರೆ ಕೊಯ್ದುಕೊಂಡೆ. ನಮ್ಮಲ್ಲಿ ‘ಕೊಳ್ಳು’ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ. ‘ನಾನೇ ಮಾಡಿದೆ’ ಎಂದು ಒತ್ತಿ ಹೇಳುವಾಗಲೂ ಬರುತ್ತದೆ: ‘ಐ ಡಿಡ್ ಇಟ್ ಮೈಸೆಲ್ಫ್’.

ಎರಡನೆಯದು: ‘ಮೈ ಫಾದರ್ ಈಸ್ ಎ ಫಾರ್ಮರ್. ದೇ ಗ್ರೋ ಅರೆಕಾನಟ್.’ ಈ ತಪ್ಪನ್ನು ಕಂಡಾಗಲೆಲ್ಲ ನನಗೆ ಮಗುವಿನ ಮೇಲೆ ಪ್ರೀತಿಯೇ ಹೆಚ್ಚುತ್ತದೆ. ನಾನು ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಒಬ್ಬ ಹುಡುಗಿ ಅಜ್ಜನ ಬಗ್ಗೆ ಓದಲು ಎದ್ದವಳು ‘ಹಿ’ ಬಂದಲ್ಲಿ ತಡೆದು ನಿಂತಳು. ‘ಅಜ್ಜನನ್ನು ಅವನು ಅನ್ನುವುದೇ ಸರ್?’ ಎಂದಳು. ಇಂಗ್ಲಿಷಿನ ‘ಹಿ’ ನಮ್ಮ ‘ಅವನು’ ಅಲ್ಲ. ಅವನು, ಆತ, ಅವರು ಮೂರಕ್ಕೂ ಅದೊಂದೇ. ಅಲ್ಲಿ ಮರ್ಯಾದೆಗೆ ಬಹುವಚನ ಬಳಸಿದರೆ ಕೇಳಿದವರಿಗೆ ನಿಮ್ಮ ಮನೆಯಲ್ಲಿ ಇಬ್ಬರು ಮೂವರು ಬೇಸಾಯ ಮಾಡುತ್ತಾರೆ ಅನ್ನಿಸುತ್ತದೆ. ಒಂದು ಕಾಲಕ್ಕೆ ಇಂಗ್ಲಿಷಿನಲ್ಲೂ ನೀನು–ನೀವು ಇತ್ತು. ‘ದೌ’ ಎಂದರೆ ನೀನು, ‘ಯು’ ಎಂದರೆ ನೀವು. ಒಬ್ಬರನ್ನೂ ಮರ್ಯಾದೆಗಾಗಿ ‘ಯು’ ಎನ್ನುತ್ತಾ ಎನ್ನುತ್ತಾ, 17ನೇ ಶತಮಾನದ ಹೊತ್ತಿಗೆ ‘ದೌ’ ದಿನಬಳಕೆಯಿಂದ ಬಹುಮಟ್ಟಿಗೆ ಮರೆಯಾಯಿತು. ಇದನ್ನು ಹೇಳಿದ ಮೇಲೆ ಆ ಹುಡುಗಿ ನಿಶ್ಚಿಂತೆಯಿಂದ ಓದಿದಳು. ಗಂಡೋ ಹೆಣ್ಣೋ ತಿಳಿಯದಾಗ ಒಬ್ಬರಿಗೂ ‘ದೇ’ ಎನ್ನುವುದುಂಟು, ಆದರೆ ಅದಕ್ಕೂ ಮರ್ಯಾದೆಗೂ ಸಂಬಂಧವಿಲ್ಲ.

ಮೂರನೆಯ ಸಾಲು: ‘ಇನ್ ಮೈ ವಿಲೇಜ್ ರೇನ್ಸ್ ಎ ಲಾಟ್.’ ಕನ್ನಡದಲ್ಲಿ ‘ಬಂದೆವು’ ಎಂದರೆ ಸಾಕು, ಬಂದದ್ದು ನಾವು ಎಂದು ಕ್ರಿಯಾಪದವೇ ಹೇಳುತ್ತದೆ. ‘ಕೇಮ್’ ಅದನ್ನು ಹೇಳುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಕರ್ತೃವಿನ ಜಾಗ ಖಾಲಿ ಬಿಡುವಂತಿಲ್ಲ. ಮಳೆಗೂ ಒಂದು ‘ಇಟ್’ ಬೇಕು.

ಇನ್ನು ವಿಭಕ್ತಿ. ನಾನು ಎಂಬುದಕ್ಕೆ ‘ಐ’, ನನ್ನನ್ನು ಮತ್ತು ನನಗೆ ಎರಡಕ್ಕೂ ‘ಮಿ’, ನನ್ನ ಎಂಬುದಕ್ಕೆ ‘ಮೈ’, ನನ್ನದು ಎಂಬುದಕ್ಕೆ ‘ಮೈನ್’. ಜೊತೆಗೆ ಇನ್ನೊಬ್ಬರ ಹೆಸರು ಸೇರಿದಾಗ ಗೊಂದಲವಾಗುತ್ತದೆ. ಆಗ ಆ ಇನ್ನೊಬ್ಬರನ್ನು ತೆಗೆದು ಓದಬೇಕು. ‘ಹಿ ಕಾಲ್ಡ್ ರವಿ ಆ್ಯಂಡ್ ಐ’ ಸರಿಯೇ? ರವಿಯನ್ನು ತೆಗೆದರೆ ‘ಹಿ ಕಾಲ್ಡ್ ಐ’ ಉಳಿಯುತ್ತದೆ, ತಪ್ಪು ಕಿವಿಗೇ ಕೇಳಿಸುತ್ತದೆ. ಅಲ್ಲಿ ‘ಮಿ’ ಬರಬೇಕು.

ಮೊದಲ ಮೂರು ಸಾಲು ತಿದ್ದಿದರೆ ಹೀಗೆ: ‘ಐ ಆ್ಯಮ್’ ಎಂದು ಹೆಸರು, ಆಮೇಲೆ ‘ಮೈ ಫಾದರ್ ಈಸ್ ಎ ಫಾರ್ಮರ್. ಹಿ ಗ್ರೋಸ್ ಅರೆಕಾನಟ್. ಇಟ್ ರೇನ್ಸ್ ಎ ಲಾಟ್ ಇನ್ ಮೈ ವಿಲೇಜ್.’ ನಾಲ್ಕನೆಯದು ‘ಮೈ ಬ್ರದರ್ ಆ್ಯಂಡ್ ಮಿ ಹೆಲ್ಪ್ ದೆಮ್’ ಎಂದಿದೆ. ಇದರಲ್ಲಿ ಎರಡು ತಪ್ಪಿವೆ, ಎರಡಕ್ಕೂ ಉತ್ತರ ಮೇಲೆಯೇ ಇದೆ. ಇದನ್ನು ಅವನೇ ತಿದ್ದಲಿ. ತಿದ್ದಿದ್ದನ್ನು ಇಲ್ಲಿ ಹಾಕಿ, ನೋಡುತ್ತೇನೆ.